ಕುಲಾಂತರಿ ಜಾನುವಾರುಗಳು: ತಯಾರಿಕೆಯ ವಿಧಾನಗಳು

ಹಸು, ಎಮ್ಮೆ, ಹಂದಿ, ಕುರಿ, ಮೇಕೆ, ಕೋಳಿಗಳಂಥ ಸಾಕುಪ್ರಾಣಿಗಳ ಡಿಎನ್‌ಎಯನ್ನು ಪ್ರಯೋಗಾಲಯದಲ್ಲಿ ಬದಲಿಸಿ, ಆ ಬದಲಾವಣೆ ಮುಂದಿನ ಪೀಳಿಗೆಗೂ ಇಳಿಯುವಂತೆ ಮಾಡಿದಾಗ ಹುಟ್ಟುವ ಪ್ರಾಣಿಗಳೇ ಕುಲಾಂತರಿ ಜಾನುವಾರುಗಳು. ಬೇರೊಂದು ಜೀವಿಯ ಜೀನ್ ಸೇರಿಸಿಕೊಂಡವು ಮಾತ್ರವಲ್ಲ, ತಮ್ಮದೇ ಜೀನೊಂದನ್ನು ಕೆಡಿಸಿಕೊಂಡ ಅಥವಾ ತಿದ್ದಿಸಿಕೊಂಡ ಪ್ರಾಣಿಗಳೂ ಈ ಲೇಖನದ ವ್ಯಾಪ್ತಿಗೆ ಬರುತ್ತವೆ. ಈ ಕ್ಷೇತ್ರದ ಚರಿತ್ರೆಯನ್ನು ಡಿಎನ್‌ಎ ಕತ್ತರಿಸುವ, ಜೋಡಿಸುವ ಸಾಧನಗಳ ಚರಿತ್ರೆಯಾಗಿ ಹೇಳುವುದೇ ರೂಢಿ. ಆದರೆ ಕೋಶವೊಂದರಲ್ಲಿ ಡಿಎನ್‌ಎ ಬದಲಿಸುವುದು ಎಂದೋ ಸಾಧ್ಯವಾಗಿತ್ತು. ಬದಲಾದ ಕೋಶದಿಂದ ಆರೋಗ್ಯವಂತ ಪ್ರಾಣಿಯೊಂದನ್ನು ಪಡೆಯುವುದೇ ಇಂದಿಗೂ ಕಷ್ಟದ ಕೆಲಸ. ಅಂಡಾಣು, ಗರ್ಭಕೋಶ, ಗರ್ಭಾವಧಿ, ಒಂದು ಸೂಲಿಗೆ ಹುಟ್ಟುವ ಮರಿಗಳ ಸಂಖ್ಯೆ, ಇವೇ ಯಾವ ವಿಧಾನ ಯಾವ ಪ್ರಾಣಿಗೆ ಒಗ್ಗುತ್ತದೆ ಎಂಬುದನ್ನು ತೀರ್ಮಾನಿಸಿವೆ. ಆದ್ದರಿಂದ ಒಂದು ವಿಧಾನದ ಗುಣವನ್ನು ಅಳೆಯಲು ಕೇಳಬೇಕಾದ ಮೊದಲ ಪ್ರಶ್ನೆ, ಅದರಲ್ಲಿ ಆಗುವ ತಪ್ಪು ಎಲ್ಲಿ ಬಯಲಾಗುತ್ತದೆ ಎಂಬುದು: ಕೋಶ ಬೆಳೆಸುವ ತಟ್ಟೆಯಲ್ಲೋ, ಹುಟ್ಟಿದ ಕರುವಿನ ಮೈಯಲ್ಲೋ, ಆ ಕರು ಹೋರಿಯಾಗಿ ಬೆಳೆದು ಅದರ ಸಂತತಿ ಹರಡಿದ ಮೇಲೋ. ಕುಲಾಂತರಿ ಪ್ರಾಣಿಗಳನ್ನೆಲ್ಲ ಒಟ್ಟಾಗಿ ಒಪ್ಪುವವರೂ ಒಟ್ಟಾಗಿ ತಿರಸ್ಕರಿಸುವವರೂ ಕೈಬಿಡುವ ಪ್ರಶ್ನೆ ಇದೇ.

ಮೊದಲು ಕೈಗೂಡಿದ ವಿಧಾನ ಸೂಕ್ಷ್ಮ ಚುಚ್ಚುವಿಕೆ. ಫಲಿತಗೊಂಡ ಅಂಡಾಣುವಿನಲ್ಲಿ ಮೊದಲ ಕೆಲವು ಗಂಟೆಗಳ ಕಾಲ ತಂದೆಯಿಂದ ಬಂದ ಮತ್ತು ತಾಯಿಯಿಂದ ಬಂದ ವರ್ಣತಂತುಗಳು ಎರಡು ಪ್ರತ್ಯೇಕ ಕೇಂದ್ರಗಳಲ್ಲಿರುತ್ತವೆ. ಸೂಕ್ಷ್ಮದರ್ಶಕದ ಕೆಳಗೆ, ಅತಿ ಸಪೂರವಾದ ಗಾಜಿನ ಸೂಜಿಯಿಂದ ಆ ಕೇಂದ್ರಗಳಲ್ಲೊಂದಕ್ಕೆ ಡಿಎನ್‌ಎ ದ್ರಾವಣವನ್ನು ಸೇರಿಸಿ, ಅಂಡಾಣುವನ್ನು ಬಾಡಿಗೆ ತಾಯಿಯ ಗರ್ಭಕ್ಕೆ ಬಿಡಲಾಗುತ್ತದೆ. 1980ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ ಗಾರ್ಡನ್ ಮತ್ತು ಫ್ರಾಂಕ್ ರಡಲ್ ತಂಡ ಇಲಿಗಳಲ್ಲಿ ಇದನ್ನು ಮಾಡಿ ತೋರಿಸಿತು. 1982ರಲ್ಲಿ ರಿಚರ್ಡ್ ಪಾಮಿಟರ್ ಮತ್ತು ರಾಲ್ಫ್ ಬ್ರಿನ್‌ಸ್ಟರ್ ತಂಡ ಹೆಗ್ಗಣ ಜಾತಿಯ ಬೆಳವಣಿಗೆ ಹಾರ್ಮೋನಿನ ಜೀನ್ ಸೇರಿಸಿ, ಒಡಹುಟ್ಟಿದವುಗಳಿಗಿಂತ ಬಹಳ ದೊಡ್ಡದಾಗಿ ಬೆಳೆದ ಇಲಿಗಳನ್ನು ಪಡೆಯಿತು. 1985ರ ಹೊತ್ತಿಗೆ ಇದೇ ವಿಧಾನದಿಂದ ಮೊಲ, ಕುರಿ, ಹಂದಿಗಳು ಹುಟ್ಟಿದವು. ಇಲಿಯಿಂದ ಜಾನುವಾರಿಗೆ ಬರುವಾಗ ಎದುರಾದ ಮೊದಲ ಅಡ್ಡಿ ತೀರ ಸರಳವಾದದ್ದು: ಹಂದಿ ಮತ್ತು ಹಸುವಿನ ಅಂಡಾಣು ಕೊಬ್ಬಿನ ಕಣಗಳಿಂದ ತುಂಬಿ ಕಪ್ಪಗಿರುವುದರಿಂದ ಒಳಗಿನ ಕೇಂದ್ರ ಕಾಣುವುದೇ ಇಲ್ಲ. ಅಂಡಾಣುವನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕೊಬ್ಬನ್ನು ಒಂದು ಬದಿಗೆ ಸರಿಸಿದ ಮೇಲೆ ಕೆಲಸ ಮುಂದೆ ಸಾಗಿತು.

ಎರಡನೆಯ ಅಡ್ಡಿಗೆ ಅಂಥ ಉಪಾಯವಿರಲಿಲ್ಲ. ಜಾನುವಾರುಗಳಲ್ಲಿ ಹೀಗೆ ಚುಚ್ಚಿದ ನೂರು ಅಂಡಾಣುಗಳಲ್ಲಿ ಸರಾಸರಿ ಒಂದು, ಕೆಲವೊಮ್ಮೆ ಅದಕ್ಕೂ ಕಡಿಮೆ, ಕುಲಾಂತರಿ ಪ್ರಾಣಿಯಾಗಿ ಹುಟ್ಟುತ್ತಿತ್ತು. ಸೇರಿಸಿದ ಜೀನ್ ವರ್ಣತಂತುವಿನ ಯಾವ ಜಾಗದಲ್ಲಿ, ಎಷ್ಟು ಪ್ರತಿಗಳಾಗಿ ಕೂರುತ್ತದೆ ಎಂಬುದರ ಮೇಲೆ ಪ್ರಯೋಗ ಮಾಡುವವರಿಗೆ ಯಾವ ಹಿಡಿತವೂ ಇರಲಿಲ್ಲ. ಕೂತ ಜಾಗಕ್ಕೆ ತಕ್ಕಂತೆ ಅದು ಮೌನವಾಗಬಹುದು, ಬೇಡದ ಅಂಗದಲ್ಲಿ ಕೆಲಸ ಮಾಡಬಹುದು, ಅಲ್ಲಿದ್ದ ಬೇರೊಂದು ಜೀನನ್ನು ಮುರಿಯಬಹುದು. ಇದೆಲ್ಲ ತಿಳಿಯಬೇಕಾದರೆ ಪ್ರಾಣಿ ಹುಟ್ಟಬೇಕು, ಬೆಳೆಯಬೇಕು. ಅಮೆರಿಕದ ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿರುವ ಕೃಷಿ ಸಂಶೋಧನಾ ಕೇಂದ್ರದ ಹಂದಿಗಳು ಇದಕ್ಕೆ ನೋವಿನ ಸಾಕ್ಷಿ. ವರ್ನನ್ ಪರ್ಸೆಲ್ ಮತ್ತು ಸಂಗಡಿಗರು 1989ರಲ್ಲಿ ವರದಿ ಮಾಡಿದ ಈ ಹಂದಿಗಳಲ್ಲಿ ಹೊರಗಿನಿಂದ ಸೇರಿಸಿದ ಬೆಳವಣಿಗೆ ಹಾರ್ಮೋನಿನ ಜೀನ್ ಕೆಲಸ ಮಾಡುತ್ತಿತ್ತು. ತಿಂದ ಮೇವು ಹೆಚ್ಚು ಮಾಂಸವಾಗುತ್ತಿತ್ತು, ಬೆನ್ನಿನ ಕೊಬ್ಬು ಬಹಳ ಕಡಿಮೆಯಾಗಿತ್ತು. ಜೊತೆಗೆ ಹೊಟ್ಟೆ ಹುಣ್ಣು, ಕೀಲುರೋಗ, ಹೃದಯ ಹಿಗ್ಗುವಿಕೆ, ಚರ್ಮದ ಉರಿಯೂತ, ಮೂತ್ರಪಿಂಡದ ಕಾಯಿಲೆಗಳೂ ಬಂದವು. ಹಾರ್ಮೋನನ್ನು ಬೇಕಾದಾಗ ಸುರಿಸಿ ಬೇಡವಾದಾಗ ನಿಲ್ಲಿಸುವ ಅಂಕೆ ಆ ಜೀನಿಗೆ ಇರಲಿಲ್ಲ. ಅದು ಸದಾ ತೆರೆದೇ ಇತ್ತು. ಕುಲಾಂತರಿ ಪ್ರಾಣಿಗಳ ವಿರುದ್ಧ ಎತ್ತುವ ಹಿಂಸೆಯ ಆಕ್ಷೇಪಕ್ಕೆ ಈ ಹಂದಿಗಳನ್ನು ಉದಾಹರಿಸುವುದು ನ್ಯಾಯವೇ. ಆದರೆ ಅವು ದೂರುವುದು ಯಾವುದನ್ನು ಎಂದು ಸರಿಯಾಗಿ ಓದಬೇಕು. ಜೀನ್ ಬದಲಿಸಿದ್ದಕ್ಕಿಂತಲೂ, ಅಂಕೆಯಿಲ್ಲದ ಜೀನನ್ನು ಎಲ್ಲೆಂದರಲ್ಲಿ ಕೂರಿಸಿ, ಅದರ ಫಲವನ್ನು ಬದುಕಿರುವ ಪ್ರಾಣಿಯ ಮೈಮೇಲೆಯೇ ಪರೀಕ್ಷಿಸಬೇಕಾಗಿ ಬಂದ ವಿಧಾನದ ದೋಷವದು.

ಹೀಗಿದ್ದರೂ ಸೂಕ್ಷ್ಮ ಚುಚ್ಚುವಿಕೆ ಒಂದು ಉದ್ದೇಶಕ್ಕೆ ಸಲ್ಲುತ್ತಿತ್ತು, ಔಷಧ ತಯಾರಿಕೆಗೆ. ಹಾಲಿನ ಪ್ರೋಟೀನ್ ಜೀನಿನ ಮುಂದಿರುವ ನಿಯಂತ್ರಕ ಭಾಗವನ್ನು ಮನುಷ್ಯರ ಜೀನಿನ ಮುಂದೆ ಜೋಡಿಸಿದರೆ, ಆ ಜೀನ್ ಮುಖ್ಯವಾಗಿ ಕೆಚ್ಚಲಿನಲ್ಲಿ, ಹಾಲು ಬರುವ ಕಾಲದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬೆಲ್ಟ್ಸ್‌ವಿಲ್ ಹಂದಿಗಳಿಗೆ ಇಲ್ಲದ ಅಂಕೆ ಇಲ್ಲಿ ಸಿಕ್ಕಿತು. ಸ್ಕಾಟ್ಲೆಂಡಿನಲ್ಲಿ 1990ರಲ್ಲಿ ಹುಟ್ಟಿದ ಟ್ರೇಸಿ ಎಂಬ ಕುರಿ ತನ್ನ ಒಂದು ಲೀಟರ್ ಹಾಲಿನಲ್ಲಿ ಸುಮಾರು 35 ಗ್ರಾಂನಷ್ಟು ಮಾನವ ಆಲ್ಫಾ-1-ಆಂಟಿಟ್ರಿಪ್ಸಿನ್ ಕೊಟ್ಟಿತು. ಶ್ವಾಸಕೋಶ ಕಾಯಿಲೆಯ ಚಿಕಿತ್ಸೆಗೆ ಆ ಪ್ರೋಟೀನ್ ಬೇಕಾಗಿತ್ತು. ಅದೇ ವರ್ಷ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಹರ್ಮನ್ ಎಂಬ ಹೋರಿ ಮಾನವ ಲ್ಯಾಕ್ಟೊಫೆರಿನ್ ಎಂಬ ಹಾಲಿನ ಪ್ರೋಟೀನಿನ ಜೀನ್ ಹೊತ್ತಿತ್ತು. ಮೇಕೆಯ ಹಾಲಿನಿಂದ ತೆಗೆದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಂಟಿಥ್ರಾಂಬಿನ್ ಔಷಧಕ್ಕೆ 2006ರಲ್ಲಿ ಯುರೋಪ್, 2009ರಲ್ಲಿ ಅಮೆರಿಕ ಅನುಮತಿ ಕೊಟ್ಟವು. ಔಷಧದ ಲೆಕ್ಕವೇ ಬೇರೆ. ನೂರಾರು ಅಂಡಾಣುಗಳು ವ್ಯರ್ಥವಾದರೂ ಒಂದು ಒಳ್ಳೆಯ ಪ್ರಾಣಿ ಸಿಕ್ಕಿದರೆ ಸಾಕು, ಅದರ ಸಂತತಿಯಿಂದ ಇಡೀ ಹಿಂಡು ಬೆಳೆಸಬಹುದು. ರೈತನ ಕೊಟ್ಟಿಗೆಗೆ ಹೋಗುವ ಪ್ರಾಣಿಗೆ ಈ ಲೆಕ್ಕ ಹೊಂದುವುದಿಲ್ಲ.

ಈ ವ್ಯರ್ಥವನ್ನು ಕಡಿಮೆ ಮಾಡಲು ಹಲವು ಅಡ್ಡದಾರಿಗಳನ್ನು ಹುಡುಕಲಾಯಿತು. ವೀರ್ಯಾಣುಗಳನ್ನೇ ಡಿಎನ್‌ಎ ದ್ರಾವಣದಲ್ಲಿ ನೆನೆಸಿ ಅವುಗಳಿಂದಲೇ ಜೀನ್ ಸಾಗಿಸಬಹುದೆಂದು 1989ರಲ್ಲಿ ಇಟಲಿಯ ಮರಿಯಲುಯಿಸಾ ಲವಿತ್ರಾನೊ ತಂಡ ಹೇಳಿತು. ಬೇರೆ ಪ್ರಯೋಗಾಲಯಗಳಿಗೆ ಅದೇ ಫಲ ಸಿಗಲಿಲ್ಲವಾದ್ದರಿಂದ ಆ ದಾರಿ ಹೆಚ್ಚು ಬಳಕೆಗೆ ಬರಲಿಲ್ಲ. ರೋಗಕಾರಕ ಭಾಗಗಳನ್ನು ತೆಗೆದ ಲೆಂಟಿವೈರಸ್‌ಗಳಿಗೆ ಜೀನ್ ಹೊರಿಸಿ ಅಂಡಾಣುವಿಗೆ ಸೋಂಕಿಸುವುದು ಹೆಚ್ಚು ಸಫಲವಾಯಿತು. ಆದರೆ ವೈರಸ್ ಹೊರಬಲ್ಲ ಡಿಎನ್‌ಎಯ ಉದ್ದ ಕಡಿಮೆ, ಅದು ಕೂರುವ ಜಾಗವೂ ನಮ್ಮ ಆಯ್ಕೆಯದಲ್ಲ. ಕೋಳಿಯ ವಿಷಯದಲ್ಲಿ ಬೇರೆಯೇ ದಾರಿ ಬೇಕಾಯಿತು. ಮೊಟ್ಟೆ ಇಡುವ ಹೊತ್ತಿಗೇ ಅದರೊಳಗಿನ ಭ್ರೂಣದಲ್ಲಿ ಹತ್ತಾರು ಸಾವಿರ ಕೋಶಗಳಿರುವುದರಿಂದ ಒಂದೇ ಕೋಶಕ್ಕೆ ಚುಚ್ಚುವ ಅವಕಾಶ ಸುಲಭವಾಗಿ ಸಿಗದು. ಅದರ ಬದಲು, ಮುಂದೆ ಅಂಡಾಣು ಅಥವಾ ವೀರ್ಯಾಣುವಾಗಬೇಕಾದ ಆದಿಜನನ ಕೋಶಗಳನ್ನು ಎಳೆಯ ಭ್ರೂಣದ ರಕ್ತದಿಂದ ತೆಗೆದು, ತಟ್ಟೆಯಲ್ಲಿ ಬೆಳೆಸಿ, ಬದಲಿಸಿ, ಪರೀಕ್ಷಿಸಿ, ಇನ್ನೊಂದು ಭ್ರೂಣಕ್ಕೆ ಸೇರಿಸಲಾಗುತ್ತದೆ. ಆ ಮರಿ ಬೆಳೆದು ಹುಂಜವಾದಾಗ ಅದರ ಸಂತತಿಯಲ್ಲಿ ಬದಲಾವಣೆ ಕಾಣಿಸಿಕೊಳ್ಳುತ್ತದೆ. 2006ರಲ್ಲಿ ಗಟ್ಟಿಯಾದ ಈ ವಿಧಾನದಲ್ಲಿ ತಪ್ಪು ತಟ್ಟೆಯಲ್ಲೇ ಸಿಗುತ್ತದೆ. ಹಕ್ಕಿಗಳಿಗೆ ಇಷ್ಟು ಚೆನ್ನಾಗಿ ಒದಗಿದ ಈ ದಾರಿ ದನಗಳಿಗೆ ಹೀಗೆ ತೆರೆದುಕೊಂಡಿಲ್ಲ.

ದನ, ಕುರಿ, ಹಂದಿಗಳಲ್ಲಿ ಪರೀಕ್ಷೆಯನ್ನು ಪ್ರಾಣಿಯಿಂದ ತಟ್ಟೆಗೆ ಸರಿಸಿದ್ದು ಕೋಶಕೇಂದ್ರ ವರ್ಗಾವಣೆ, ಅಂದರೆ ತದ್ರೂಪಿ ಸೃಷ್ಟಿ. ಇಲಿ ಸಂಶೋಧಕರಿಗೆ 1981ರಿಂದಲೇ ಭ್ರೂಣದ ಕಾಂಡಕೋಶಗಳು ಲಭ್ಯವಿದ್ದವು. ಅವುಗಳಲ್ಲಿ ಬೇಕಾದ ಜೀನನ್ನೇ ಗುರಿಯಿಟ್ಟು ಬದಲಿಸಿ ಇಲಿ ಪಡೆಯಬಹುದಿತ್ತು. ಜಾನುವಾರುಗಳಿಂದ ಅಂಥ ಕಾಂಡಕೋಶ ಪಡೆಯುವ ಪ್ರಯತ್ನ ದಶಕಗಳ ಕಾಲ ಫಲಿಸಲಿಲ್ಲ. ಆ ಕೊರತೆಯನ್ನು ನೀಗಿಸಲೆಂದೇ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯ ಇಯಾನ್ ವಿಲ್ಮಟ್, ಕೀತ್ ಕ್ಯಾಂಬೆಲ್ ಮತ್ತು ಸಂಗಡಿಗರು ಮೈಕೋಶದಿಂದ ಪ್ರಾಣಿ ಪಡೆಯುವ ದಾರಿ ಹುಡುಕುತ್ತಿದ್ದರು. 1996ರ ಜುಲೈ 5ರಂದು ಹುಟ್ಟಿದ ಡಾಲಿ ಕುರಿಯನ್ನು ಜಗತ್ತು ಸ್ವತಂತ್ರ ಅಚ್ಚರಿಯಾಗಿ ನೆನೆಯುತ್ತದೆ. ಆ ಸಂಶೋಧನೆಯ ಒಂದು ಮುಖ್ಯ ಗುರಿ ಕುಲಾಂತರಿ ಜಾನುವಾರೇ ಆಗಿತ್ತು. ಮರುವರ್ಷ ಹುಟ್ಟಿದ ಪಾಲಿ ಎಂಬ ಕುರಿಯಲ್ಲಿ ಆ ಗುರಿ ಕೈಗೂಡಿತು. ಭ್ರೂಣದ ಚರ್ಮಕೋಶಗಳಿಗೆ ರಕ್ತ ಹೆಪ್ಪುಗಟ್ಟಿಸುವ ಮಾನವ ಫ್ಯಾಕ್ಟರ್-9 ಜೀನ್ ಸೇರಿಸಿ, ಜೀನ್ ಸರಿಯಾಗಿ ಸೇರಿದ ಕೋಶಗಳನ್ನು ಆರಿಸಿ, ಅವುಗಳ ಕೇಂದ್ರವನ್ನು ಕೇಂದ್ರ ತೆಗೆದ ಅಂಡಾಣುವಿಗೆ ಸೇರಿಸಿದರು. ಮರಿ ಹೆಣ್ಣಾಗಿರುತ್ತದೆ, ಅದರಲ್ಲಿ ಜೀನ್ ಇರುತ್ತದೆ ಎಂಬುದು ಗರ್ಭ ನಿಲ್ಲುವ ಮೊದಲೇ ಗೊತ್ತಿತ್ತು. 2000ದಲ್ಲಿ ಕುರಿಯಲ್ಲಿ ನಿರ್ದಿಷ್ಟ ಜಾಗದಲ್ಲೇ ಜೀನ್ ಕೂರಿಸುವುದೂ ಸಾಧ್ಯವಾಯಿತು. 2002ರಲ್ಲಿ ಆಲ್ಫಾ-ಗ್ಯಾಲ್ ಎಂಬ ಸಕ್ಕರೆ ಅಣುವನ್ನು ತಯಾರಿಸುವ ಜೀನ್ ಕೆಡಿಸಿದ ಹಂದಿಗಳು ಹುಟ್ಟಿದ ವರದಿ ಬಂತು. ಮನುಷ್ಯನ ಮೈ ಹಂದಿಯ ಅಂಗವನ್ನು ನಿಮಿಷಗಳಲ್ಲಿ ತಿರಸ್ಕರಿಸಲು ಆ ಸಕ್ಕರೆಯೇ ಮುಖ್ಯ ಕಾರಣ. ಅಂಥ ಹಂದಿಗೆ 2020ರ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆಹಾರಕ್ಕೂ ವೈದ್ಯಕೀಯ ಬಳಕೆಗೂ ಅನುಮತಿ ಕೊಟ್ಟಿತು. 2022ರ ಜನವರಿಯಲ್ಲಿ ಮೇರಿಲ್ಯಾಂಡಿನಲ್ಲಿ ಮನುಷ್ಯನಿಗೆ ಕಸಿ ಮಾಡಿದ ಹಂದಿಯ ಹೃದಯದಲ್ಲಿ 10 ಜೀನ್ ಬದಲಾವಣೆಗಳಿದ್ದವು. ಒಂದೇ ಪ್ರಾಣಿಯಲ್ಲಿ ಇಷ್ಟನ್ನು ಒಟ್ಟುಗೂಡಿಸಬೇಕಾದರೆ ತಟ್ಟೆಯಲ್ಲಿ ಕೋಶಗಳನ್ನು ಹಂತಹಂತವಾಗಿ ಬದಲಿಸಿ ಆರಿಸುವ ಈ ದಾರಿಯೇ ಅನುಕೂಲ.

ಆದರೆ ಜೀನಿನ ತಪ್ಪು ತಟ್ಟೆಯಲ್ಲಿ ಸಿಕ್ಕಿಬಿದ್ದರೂ ಗರ್ಭಕೋಶದಲ್ಲಿ ಇನ್ನೊಂದು ಬಗೆಯ ನಷ್ಟ ಎದುರಾಯಿತು. ಡಾಲಿಗಾಗಿ 277 ಅಂಡಾಣುಗಳನ್ನು ಮರುರೂಪಿಸಲಾಗಿತ್ತು. ಅವುಗಳಲ್ಲಿ 29 ಭ್ರೂಣಗಳು ಮಾತ್ರ 13 ಕುರಿಗಳ ಗರ್ಭ ಸೇರಿದವು, ಹುಟ್ಟಿದ್ದು ಒಂದೇ ಮರಿ. ಬೆಳೆದ ಮೈಕೋಶದ ಡಿಎನ್‌ಎ ಮೇಲಿರುವ ರಾಸಾಯನಿಕ ಗುರುತುಗಳನ್ನು ಅಂಡಾಣು ಕೆಲವೇ ಗಂಟೆಗಳಲ್ಲಿ ಅಳಿಸಿ ಭ್ರೂಣಕ್ಕೆ ತಕ್ಕಂತೆ ಮರಳಿ ಬರೆಯಬೇಕು. ಆ ಕೆಲಸ ಬಹುಪಾಲು ಅರ್ಧಕ್ಕೇ ನಿಲ್ಲುತ್ತದೆ. ಮಾಸು ಸರಿಯಾಗಿ ಬೆಳೆಯದೆ ಗಬ್ಬ ಹೋಗುವುದು, ಕರು ವಿಪರೀತ ದೊಡ್ಡದಾಗಿ ಹೆರಿಗೆ ಕಷ್ಟವಾಗುವುದು, ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುವುದು ಇದರ ಫಲ. ಭಾರತದಲ್ಲಿ ಹರಿಯಾಣದ ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ ದುಬಾರಿ ಸೂಕ್ಷ್ಮ ಯಂತ್ರಗಳಿಲ್ಲದೆ, ಅಂಡಾಣುವಿನ ಹೊರಪೊರೆ ಕರಗಿಸಿ ಸಣ್ಣ ಅಲಗಿನಿಂದ ಕೈಯಲ್ಲೇ ಕೇಂದ್ರ ಕತ್ತರಿಸಿ ತೆಗೆಯುವ ವಿಧಾನವನ್ನು ಎಮ್ಮೆಗೆ ಹೊಂದಿಸಿಕೊಂಡಿತು. 2009ರ ಫೆಬ್ರವರಿಯಲ್ಲಿ ಹುಟ್ಟಿದ ಮೊದಲ ತದ್ರೂಪಿ ಕರು ಕೆಲವೇ ದಿನ ಬದುಕಿತು. ಅದೇ ವರ್ಷ ಹುಟ್ಟಿದ ಗರಿಮಾ ಸುಮಾರು ಎರಡು ವರ್ಷ ಬಾಳಿತು. 2010ರಲ್ಲಿ ಹುಟ್ಟಿದ ಗರಿಮಾ-2 ಮುಂದೆ ಕರು ಹಾಕಿತು. ಇವು ಕುಲಾಂತರಿಗಳಲ್ಲ, ಜೀನ್ ಬದಲಿಸದ ಪ್ರತಿರೂಪಗಳು. ಆದರೆ ಜೀನ್ ಬದಲಿಸಿದ ಎಮ್ಮೆ ಬೇಕೆಂದರೆ ಸಾಗಬೇಕಾದ ದಾರಿಯ ಅತಿ ಕಠಿಣ ಭಾಗ ಇದೇ.

2010ರ ನಂತರ ಜಾನುವಾರುಗಳಲ್ಲಿ ಬಳಕೆಗೆ ಬಂದ ಜೀನ್ ಸಂಪಾದನೆಯ ಸಾಧನಗಳು, ಮೊದಲು ಜಿಂಕ್ ಫಿಂಗರ್ ಕಿಣ್ವಗಳು, ಆಮೇಲೆ ಟ್ಯಾಲೆನ್, ಕೊನೆಗೆ ಕ್ರಿಸ್ಪರ್, ಡಿಎನ್‌ಎಯನ್ನು ಆರಿಸಿದ ಜಾಗದಲ್ಲೇ ಕತ್ತರಿಸುತ್ತವೆ. ಕತ್ತರಿಸಿದ ತುದಿಗಳನ್ನು ಕೋಶ ತನ್ನಷ್ಟಕ್ಕೆ ಬೆಸೆಯುವಾಗ ಒಂದೆರಡು ಅಕ್ಷರ ಬಿಟ್ಟುಹೋಗಿ ಜೀನ್ ನಿಷ್ಕ್ರಿಯವಾಗಬಹುದು; ಮಾದರಿ ಡಿಎನ್‌ಎ ಜೊತೆಗಿಟ್ಟರೆ ಅದನ್ನು ನೋಡಿ ಹೊಸ ರೂಪ ಬರೆದುಕೊಳ್ಳಬಹುದು. ಕ್ರಿಸ್ಪರ್ ಎಷ್ಟು ಸಮರ್ಥವೆಂದರೆ ತದ್ರೂಪಿ ಸೃಷ್ಟಿಯ ಗೋಜಿಲ್ಲದೆ ನೇರವಾಗಿ ಫಲಿತ ಅಂಡಾಣುವಿಗೇ ಅದನ್ನು ಸೇರಿಸಬಹುದು. ಹಂದಿಗಳಿಗೆ ಹರಡುವ, ಗಬ್ಬ ಇಳಿಸುವ ಮತ್ತು ಉಸಿರಾಟ ಕೆಡಿಸುವ ಪಿಆರ್‌ಆರ್‌ಎಸ್ ವೈರಸ್ ಕೋಶದೊಳಗೆ ನುಗ್ಗಲು ಸಿಡಿ163 ಎಂಬ ಪ್ರೋಟೀನ್ ಬೇಕು. ಮಿಸ್ಸೋರಿ ವಿಶ್ವವಿದ್ಯಾಲಯದ ರಾಂಡಲ್ ಪ್ರಾಥರ್ ತಂಡ ಆ ಜೀನ್ ಕೆಡಿಸಿದ ಹಂದಿಗಳಿಗೆ ವೈರಸ್ ಕೊಟ್ಟಾಗ ಅವಕ್ಕೆ ರೋಗ ತಗುಲಲಿಲ್ಲ. ಆದರೆ ನೇರ ಚುಚ್ಚುವಿಕೆಗೆ ಮರಳಿದೊಡನೆ ಹಳೆಯ ತೊಂದರೆಯೂ ಮರಳಿತು. ಅಂಡಾಣು ಎರಡಾಗಿ, ನಾಲ್ಕಾಗಿ ಒಡೆದ ಮೇಲೂ ಕ್ರಿಸ್ಪರ್ ಕತ್ತರಿಸುತ್ತಲೇ ಇದ್ದರೆ ಒಂದೊಂದು ಕೋಶದಲ್ಲಿ ಒಂದೊಂದು ಬದಲಾವಣೆ ಆಗಿ, ಹುಟ್ಟುವ ಪ್ರಾಣಿ ಹಲವು ಬಗೆಯ ಕೋಶಗಳ ಮಿಶ್ರಣವಾಗುತ್ತದೆ. ಕಿವಿಯ ಚೂರಿನಲ್ಲಿ ಕಂಡದ್ದು ವೃಷಣದಲ್ಲಿಯೂ ಇದೆ ಎನ್ನಲು ಆಗದು. ಸಿಡಿ163 ಹಂದಿಯನ್ನು ವಾಣಿಜ್ಯಕ್ಕೆ ತಂದ ತಳಿ ಕಂಪನಿ ಈ ಕಾರಣಕ್ಕೇ ಸಂಪಾದಿಸಿದ ಮೊದಲ ಪ್ರಾಣಿಗಳಿಗೆ ನಿಲ್ಲದೆ, ಮುಂದಿನ ಪೀಳಿಗೆಗಳಲ್ಲಿ ಡಿಎನ್‌ಎ ಪರೀಕ್ಷಿಸಿ, ಬೇಡದ ಬದಲಾವಣೆಗಳಿದ್ದವನ್ನು ಕೈಬಿಟ್ಟು ತಳಿ ಕಟ್ಟಿತು. 2025ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಹಂದಿಯಲ್ಲಿ ಇದು ಸಾಧ್ಯವಾದದ್ದು ಅದರ ಗರ್ಭಾವಧಿ 114 ದಿನ, ಒಂದು ಸೂಲಿಗೆ ಹತ್ತಕ್ಕೂ ಹೆಚ್ಚು ಮರಿಗಳು ಎಂಬ ಕಾರಣಕ್ಕೆ. ಎಮ್ಮೆ ಹತ್ತು ತಿಂಗಳು ಹೊತ್ತು ಒಂದು ಕರು ಹಾಕುತ್ತದೆ. ಅಲ್ಲಿ ಒಂದು ಪೀಳಿಗೆಯ ಪರೀಕ್ಷೆಗೇ ವರ್ಷಗಳು ಹಿಡಿಯುತ್ತವೆ.

ಸಂಪಾದನೆಯನ್ನು ಬೆಂಬಲಿಸುವವರ ಪ್ರಬಲ ವಾದ ಹೀಗಿದೆ: ಪ್ರಕೃತಿಯಲ್ಲಿ ಆಗಬಹುದಾದ ಬದಲಾವಣೆಯನ್ನೇ ಮಾಡಿದರೆ, ಹೊರಗಿನ ಜೀನ್ ಸೇರದಿದ್ದರೆ, ಆ ಪ್ರಾಣಿಯನ್ನು ಕುಲಾಂತರಿಯೆಂದು ಪರೀಕ್ಷಿಸುವುದೇಕೆ? ತತ್ವದ ಮಟ್ಟಿಗೆ ಈ ವಾದ ಸರಿಯೇ. ಆದರೆ ಹೊರಗಿನದು ಸೇರಿಲ್ಲ ಎಂಬುದು ಪರೀಕ್ಷೆಯ ನಂತರ ಹೇಳಬೇಕಾದ ಮಾತು. ಕೋಡಿಲ್ಲದ ಹೋಲ್ಸ್ಟೀನ್ ಹೋರಿಗಳ ಕಥೆ ಇದನ್ನು ಸ್ಪಷ್ಟಪಡಿಸುತ್ತದೆ. ಹಾಲಿನ ತಳಿಯ ಕರುಗಳ ಕೋಡು ಸುಡುವುದು ಕ್ರೂರ ಕೆಲಸ. ಆಂಗಸ್‌ನಂಥ ಮಾಂಸದ ತಳಿಗಳಲ್ಲಿ ಕೋಡು ಬರದಂತೆ ಮಾಡುವ ಸಹಜ ರೂಪಾಂತರವಿದೆ. ಸಾಂಪ್ರದಾಯಿಕ ಸಂಕರದಿಂದ ಅದನ್ನು ತಂದರೆ ಹಾಲಿನ ಗುಣ ಕುಗ್ಗುತ್ತದೆ. ಟ್ಯಾಲೆನ್ ಬಳಸಿ ಕೋಶಗಳಲ್ಲಿ ಆ ರೂಪವನ್ನೇ ಬರೆದು, ತದ್ರೂಪಿ ವಿಧಾನದಿಂದ ಎರಡು ಕರುಗಳನ್ನು ಪಡೆಯಲಾಯಿತು. 2016ರ ವರದಿ ಅವುಗಳಲ್ಲಿ ಉದ್ದೇಶಿಸದ ಬದಲಾವಣೆ ಕಂಡಿಲ್ಲ ಎಂದಿತು. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು ಅದೇ ಡಿಎನ್‌ಎ ದತ್ತಾಂಶವನ್ನು ಮತ್ತೆ ಜಾಲಾಡಿದಾಗ, ಮಾದರಿಯನ್ನು ಹೊತ್ತೊಯ್ದ ಬ್ಯಾಕ್ಟೀರಿಯಾ ಮೂಲದ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ ಕೂಡ ಹೋರಿಯ ವರ್ಣತಂತುವಿನಲ್ಲಿ ಕೂತಿರುವುದು ಕಂಡಿತು. ಅದರಲ್ಲಿ ಪ್ರತಿಜೀವಕ ನಿರೋಧಕ ಜೀನ್‌ಗಳೂ ಇದ್ದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಆ ಹೋರಿಗಳಲ್ಲೊಂದಕ್ಕೆ ಹುಟ್ಟಿದ್ದ ಆರು ಕರುಗಳಲ್ಲಿ ನಾಲ್ಕಕ್ಕೆ ಅದು ಇಳಿದಿತ್ತು. ಈ ತಳಿಯನ್ನು ಬೆಳೆಸಲಿದ್ದ ಬ್ರೆಜಿಲ್ ಆ ಯೋಜನೆ ಕೈಬಿಟ್ಟಿತು. ಮೊದಲ ಹುಡುಕಾಟದಲ್ಲಿ ಹಸುವಿನ ಸ್ವಂತ ಡಿಎನ್‌ಎಯಲ್ಲಿ ಏನು ಕೆಟ್ಟಿದೆಯೆಂದು ನೋಡಿದ್ದರೇ ಹೊರತು, ಹಸುವಿನದಲ್ಲದ್ದು ಸೇರಿದೆಯೇ ಎಂದು ನೋಡಿರಲಿಲ್ಲ. ತಟ್ಟೆಯಲ್ಲಿ ಪರೀಕ್ಷಿಸುವ ಅವಕಾಶವಿದ್ದ ವಿಧಾನದಲ್ಲೇ ಹೀಗಾಯಿತು ಎಂಬುದನ್ನು ಮರೆಯಬಾರದು. ಕೃತಕ ಗರ್ಭಧಾರಣೆಯ ಯುಗದಲ್ಲಿ ಒಂದು ಹೋರಿಯ ವೀರ್ಯ ಸಾವಿರಾರು ಹಸುಗಳನ್ನು ಮುಟ್ಟುತ್ತದೆ. ಪ್ಲಾಸ್ಮಿಡ್ ಆ ಕರುಗಳಿಗೆ ಹಾನಿ ಮಾಡಿದ್ದು ಕಾಣಲಿಲ್ಲ, ನಿಜ. ಗಮನಿಸಬೇಕಾದ್ದು, ಎರಡನೆಯ ಕಣ್ಣು ನೋಡದಿದ್ದರೆ ಅದು ಹಿಂಡುಗಳಲ್ಲಿ ಗೊತ್ತಿಲ್ಲದಂತೆ ಹರಡುತ್ತಿತ್ತು ಎಂಬುದು.

ಪರೀಕ್ಷೆ ಬಿಗಿಯಾದರೆ ಒಳ್ಳೆಯ ಪ್ರಾಣಿಗಳೂ ಹೊರಬರುವುದಿಲ್ಲ ಎಂಬ ಎದುರುವಾದಕ್ಕೂ ಪುರಾವೆಯಿದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮ ಚುಚ್ಚುವಿಕೆಯಿಂದ ಪಡೆದ ಹಂದಿಗಳ ಜೊಲ್ಲಿನಲ್ಲಿ ಫೈಟೇಸ್ ಕಿಣ್ವವಿತ್ತು. ಧಾನ್ಯದ ರಂಜಕವನ್ನು ಅವು ಜೀರ್ಣಿಸಿಕೊಳ್ಳುತ್ತಿದ್ದುದರಿಂದ ಸಗಣಿಯ ರಂಜಕ ಶೇ. 75ರವರೆಗೆ ಇಳಿಯಿತು. ಕೆರೆಗಳು ಪಾಚಿಗಟ್ಟುವುದನ್ನು ತಡೆಯಬಲ್ಲ ಆ ತಳಿ ಮಾರುಕಟ್ಟೆ ಕಾಣದೆ, 2012ರಲ್ಲಿ ಧನಸಹಾಯ ನಿಂತು ಕೊನೆಗೊಂಡಿತು. 1989ರಲ್ಲಿ ರೂಪಿಸಿದ, ಬೇಗ ಬೆಳೆಯುವ ಸಾಲ್ಮನ್ ಮೀನಿಗೆ ಅಮೆರಿಕದಲ್ಲಿ ಆಹಾರದ ಅನುಮತಿ ಸಿಕ್ಕಿದ್ದು 2015ರಲ್ಲಿ. ಇಷ್ಟು ದೀರ್ಘ ಕಾಯುವಿಕೆಯನ್ನು ನಾನು ಸಮರ್ಥಿಸಲಾರೆ. ಆದರೆ ಅದಕ್ಕೆ ಪರಿಹಾರ ಪರೀಕ್ಷೆಯನ್ನು ಕೈಬಿಡುವುದಲ್ಲ. ಸಂಪೂರ್ಣ ಜೀನೋಮ್ ಓದುವುದು ಇಂದು ಅಗ್ಗವಾಗಿದೆ. ಪ್ರತಿ ಸ್ಥಾಪಕ ಪ್ರಾಣಿಯ ಮತ್ತು ಅದರ ಸಂತತಿಯ ಪೂರ್ಣ ಡಿಎನ್‌ಎ, ಬಳಸಿದ ಸಾಧನದ ಪ್ರತಿ ತುಣುಕಿನ ಹುಡುಕಾಟ, ಹೋದ ಗಬ್ಬಗಳು ಮತ್ತು ಸತ್ತ ಮರಿಗಳ ಲೆಕ್ಕ, ಇವನ್ನು ಕಡ್ಡಾಯವಾಗಿ ಬಹಿರಂಗಪಡಿಸಿದರೆ ವರ್ಷಗಟ್ಟಲೆ ನಡೆಯುವ ಊಹೆಯ ವಾದಗಳು ಬಹಳಷ್ಟು ಕಡಿಮೆಯಾಗುತ್ತವೆ. ಪ್ರಾಣಿಹಿಂಸೆಯ ಆಕ್ಷೇಪಕ್ಕೂ ನೇರ ಉತ್ತರ ಸಿಗುವುದು ಅಲ್ಲಿಯೇ. ರೋಗ ತಡೆದು, ಕೋಡು ಸುಡುವುದನ್ನು ತಪ್ಪಿಸಿ ಉಳಿಸಿದ ನೋವನ್ನು, ತಯಾರಿಕೆಯಲ್ಲಿ ಬಾಡಿಗೆ ತಾಯಂದಿರು ಮತ್ತು ಮರಿಗಳು ಉಂಡ ನೋವಿನ ಪಕ್ಕದಲ್ಲಿ ಇಟ್ಟು ನೋಡದೆ ಯಾವ ತೀರ್ಪೂ ಪ್ರಾಮಾಣಿಕವಾಗದು.

ಭಾರತದಲ್ಲಿ ಈ ಪ್ರಾಣಿಗಳು ಪರಿಸರ ಸಂರಕ್ಷಣಾ ಕಾಯ್ದೆಯಡಿ ರೂಪಿಸಿದ 1989ರ ನಿಯಮಗಳ ವ್ಯಾಪ್ತಿಯಲ್ಲಿವೆ. 2022ರ ಮಾರ್ಚಿನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಹೊರಗಿನ ಡಿಎನ್‌ಎ ಉಳಿಯದ ಕೆಲವು ಬಗೆಯ ಸಂಪಾದಿತ ಸಸ್ಯಗಳಿಗೆ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಪ್ರಾಣಿಗಳಿಗೆ ಅನ್ವಯಿಸುವುದಿಲ್ಲ. ಅದನ್ನು ಹಾಗೆಯೇ ವಿಸ್ತರಿಸುವುದು ಸರಿಯಲ್ಲ, ಏಕೆಂದರೆ ಒಂದು ಹಂಗಾಮಿನಲ್ಲಿ ಸಾವಿರಾರು ಸಸಿಗಳನ್ನು ಬೆಳೆಸಿ ಕೆಟ್ಟದ್ದನ್ನು ಕಿತ್ತೆಸೆಯುವ ಅನುಕೂಲ ದನ, ಎಮ್ಮೆಗಳಲ್ಲಿಲ್ಲ. ಹಳ್ಳಿಕಾರ್, ಅಮೃತ ಮಹಲ್, ಮಲೆನಾಡು ಗಿಡ್ಡದಂಥ ತಳಿಗಳಿಗೆ ಇನ್ನೊಂದು ಅಪಾಯವಿದೆ. ಕೆಲವೇ ಪ್ರಾಣಿಗಳ ಕೋಶಗಳಿಂದ ತದ್ರೂಪಿ ವಿಧಾನದಲ್ಲಿ ಸ್ಥಾಪಕ ಹೋರಿಗಳನ್ನು ಮಾಡಿ ಅವನ್ನೇ ಹರಡಿದರೆ, ತಳಿಯೊಳಗಿನ ವೈವಿಧ್ಯ ಕುಗ್ಗುತ್ತದೆ. ಸಂಪಾದನೆ ನಡೆಯುವುದಾದರೆ ಹಲವು ವಂಶಗಳಲ್ಲಿ ಬೇರೆಬೇರೆಯಾಗಿ ನಡೆಯಬೇಕು, ಅದರ ಖರ್ಚು ಹಲವು ಪಟ್ಟು ಎಂಬುದನ್ನೂ ಮೊದಲೇ ಒಪ್ಪಿಕೊಳ್ಳಬೇಕು.

ಇಂಥ ತಳಿಗಳಿಗೆ ಹೆಚ್ಚು ಹೊಂದಬಹುದಾದ ವಿಧಾನ ಇನ್ನೂ ಎಳೆಯದು. 2020ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಓಟ್ಲಿ ತಂಡ ಮತ್ತು ಸಹಯೋಗಿಗಳು ನ್ಯಾನೋಸ್2 ಎಂಬ ಜೀನ್ ಕೆಡಿಸಿದ ಗಂಡು ಹಂದಿ ಮತ್ತು ಮೇಕೆಗಳನ್ನು ವರದಿ ಮಾಡಿದರು. ಅವುಗಳ ವೃಷಣ ಉಳಿದೆಲ್ಲ ರೀತಿಯಲ್ಲಿ ಸರಿಯಿರುತ್ತದೆ, ಸ್ವಂತ ವೀರ್ಯಾಣು ಮಾತ್ರ ಹುಟ್ಟುವುದಿಲ್ಲ. ಬೇರೊಂದು ಗಂಡಿನ ವೀರ್ಯಾಣು ಕಾಂಡಕೋಶಗಳನ್ನು ಅಲ್ಲಿಗೆ ಕಸಿ ಮಾಡಿದರೆ, ಆ ದಾನಿಯ ವೀರ್ಯಾಣುಗಳೇ ಬೆಳೆಯುತ್ತವೆ. ಉತ್ತಮ ಹೋರಿಯೊಂದರ ಗುಣವನ್ನು ಕೃತಕ ಗರ್ಭಧಾರಣೆ ತಲುಪದ ಕಡೆಗೂ, ಹಿಂಡಿನ ಜೊತೆ ಮೇಯುವ ಹೋರಿಯ ಮೂಲಕವೇ ಒಯ್ಯಬಹುದೆಂಬುದು ಇದರ ಆಶಯ. ಇಲ್ಲಿ ಜೀನ್ ಬದಲಾದದ್ದು ಹೊತ್ತು ಸಾಗಿಸುವ ಗಂಡಿನಲ್ಲಿ ಮಾತ್ರ. ದಾನಿಯ ಕೋಶಗಳನ್ನು ಸಂಪಾದಿಸದಿದ್ದರೆ ಹುಟ್ಟುವ ಕರುವಿನಲ್ಲಿ ಬದಲಾದ ಜೀನ್ ಒಂದೂ ಇರುವುದಿಲ್ಲ. ಅದರ ಡಿಎನ್‌ಎ ಓದಿ ಇದನ್ನು ಖಚಿತಪಡಿಸಿಕೊಳ್ಳಲೂಬಹುದು.